ಸಂಘದ ಸಭೆಗೆ ದನಕರುಗಳ ಆರೈಕೆ ನಿಯಮ ಬರೆಯಬೇಕು: ಏನು ಹಾಕೋಣ, ಏನು ಬಿಡೋಣ?

ಕಾರಂಜಾ_ದಂಡೆ (ಭಾಲ್ಕಿ)
ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಸಂಘದವರೂ ರೈತರ ಗುಂಪಿನವರೂ ಸೇರಿ ಮುಂದಿನ ತಿಂಗಳು ಸಭೆ ಇಟ್ಟುಕೊಂಡಿದ್ದಾರೆ. ದನ, ಎಮ್ಮೆ, ಎತ್ತು, ಆಡು ಸಾಕುವವರು ಕನಿಷ್ಠ ಇಷ್ಟಾದರೂ ಪಾಲಿಸಬೇಕು ಅನ್ನುವ ಒಂದು ಪುಟದ ನಿಯಮ ಬೇಕಂತೆ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಹುಡುಕಿದರೆ ಎಲ್ಲ ಕಡೆ ಸಿಗೋದು 'ಐದು ಸ್ವಾತಂತ್ರ್ಯ'. 1979ರಲ್ಲಿ ಇಂಗ್ಲೆಂಡಿನ ಒಂದು ಸಮಿತಿ ಕೊಟ್ಟ ಪಟ್ಟಿ. ಹಸಿವು ಬಾಯಾರಿಕೆ ಇರಬಾರದು, ಇರೋ ಜಾಗ ಹಿತವಾಗಿರಬೇಕು, ನೋವು ರೋಗ ಇರಬಾರದು, ಹೆದರಿಕೆ ಇರಬಾರದು, ಪ್ರಾಣಿ ತನ್ನ ಸಹಜ ಗುಣದಂತೆ ಬದುಕಬೇಕು. ಓದೋಕೆ ಚೆಂದ. ಸಭೆಯಲ್ಲಿ ಇದನ್ನೇ ಓದಿದರೆ ಎಲ್ಲರೂ ಹೂಂ ಅಂತಾರೆ, ಚಾ ಕುಡಿದು ಮನೆಗೆ ಹೋಗ್ತಾರೆ. ಬೆಳಗ್ಗೆ ಕೊಟ್ಟಿಗೆಯಲ್ಲಿ ಏನೂ ಬದಲಾಗಿರಲ್ಲ.

ನನಗೆ ಬೇಕಿರೋದು ಕಣ್ಣಿಗೆ ಕಾಣುವಂಥ, 'ಮಾಡಿದ್ದಾರೆ, ಮಾಡಿಲ್ಲ' ಅಂತ ಹೇಳಬಹುದಾದ ನಾಲ್ಕೈದು ಮಾತು. ನಿಮ್ಮ ನಿಮ್ಮ ಕಡೆ ಏನು ನಡೀತದೆ, ಏನು ನಡೆಯಲ್ಲ, ಬಿಚ್ಚಿ ಹೇಳಿ.

ಭೀಮಾ_ತೀರ (ಅಫಜಲಪುರ)
ಅಣ್ಣಾ, ಮೊದಲನೇದು ಎತ್ತಿನ ಹೆಗಲು. ಕಬ್ಬಿನ ಹಂಗಾಮು ಶುರುವಾದ ಮೇಲೆ ಕಾರ್ಖಾನೆ ದಾರಿಯಲ್ಲಿ ಒಮ್ಮೆ ನಿಂತು ನೋಡಿ. ನೊಗ ತಾಗುವ ಜಾಗದಲ್ಲಿ ಹುಣ್ಣು ಇಲ್ಲದ ಜೋಡಿ ಹುಡುಕಬೇಕು. ಹುಣ್ಣಿನ ಮೇಲೆ ನೊಣ, ಅದರ ಮೇಲೆ ಮತ್ತೆ ನೊಗ.

ಬಂಡಿ ಹೊಡೆಯುವವನನ್ನು ಬೈಯೋದು ಸುಲಭ. ಆದರೆ ಅವನಿಗೆ ರೊಕ್ಕ ಬರೋದು ಟನ್ ಲೆಕ್ಕದಲ್ಲಿ. ಮುಕ್ಕಾದಮ್ (ಕೂಲಿಯವರ ಗುತ್ತಿಗೆದಾರ) ಹತ್ತಿರ ಮುಂಗಡ ತಗೊಂಡಿರ್ತಾನೆ. ಒಂದು ಖೇಪಿಗೆ ಎಷ್ಟು ಜಾಸ್ತಿ ಹೇರಿದರೆ ಅಷ್ಟು ಬೇಗ ಸಾಲ ತೀರ್ತದೆ. ಕಾರ್ಖಾನೆ ಗೇಟಿನ ಮುಂದೆ ಪಾಳಿ (ಸಾಲು) ಹಚ್ಚಿದರೆ ರಾತ್ರಿಯೆಲ್ಲ ಎತ್ತು ನೊಗದಲ್ಲೇ ನಿಂತಿರ್ತಾವೆ, ಯಾಕಂದ್ರೆ ಬಿಚ್ಚಿದರೆ ಪಾಳಿ ಹೋಗ್ತದೆ ಅನ್ನೋ ಭಯ. ಅವನೂ ಅಲ್ಲೇ ಬಂಡಿ ಕೆಳಗೆ ಮಲಗಿರ್ತಾನೆ, ಪಾಪ.

ಅದಕ್ಕೆ ನನ್ನ ಮಾತು: ನಿಯಮ ಬರೆಯೋದಾದರೆ ರೊಕ್ಕ ಕೊಡುವವರ ಕಡೆಗೂ ಬರೆಯಿರಿ. ಬರೀ ದನ ಸಾಕುವವನ ಮೇಲೆ ಹಾಕಬೇಡಿ.

ದನದ_ಡಾಕ್ಟ್ರು
ಇದಕ್ಕೆ ಕಾನೂನು ಹಳೇದೇ ಇದೆ, ಯಾರೂ ಓದಲ್ಲ ಅಷ್ಟೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಕೆಳಗೆ 1965ರಲ್ಲಿ ಬಂಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆಂದೇ ನಿಯಮ ಬಂತು. ಪ್ರಾಣಿಯ ತೂಕ ಮತ್ತು ಬಂಡಿಯ ಗಾಲಿ ನೋಡಿ ಎಷ್ಟು ಹೇರಬಹುದು ಅಂತ ಅದರಲ್ಲೇ ಇದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಬಿಡುವು ಕೊಡದೆ 5 ಗಂಟೆಗಿಂತ ಹೆಚ್ಚು ಹೂಡುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಮೊಳೆ ಬಡಿದ ಕೋಲು, ಚೂಪಾದ ಮುಳ್ಳು ಇರುವ ನೊಗ ಬಳಸುವಂತಿಲ್ಲ.

37 ಡಿಗ್ರಿ! ನಮ್ಮ ಕಲಬುರಗಿಯಲ್ಲಿ ಮಾರ್ಚಿನಲ್ಲೇ ಅದು ದಾಟ್ತದೆ. ಆ ಮೇಲೆ ಮಳೆ ಬರೋವರೆಗೂ ಮಧ್ಯಾಹ್ನದ ಆ ಮೂರು ತಾಸು ಎತ್ತಿಗೆ ರಜೆ ಅಂತಲೇ ಲೆಕ್ಕ.

ಕಾಗಿಣಾ_ಕಾಕಾ (ಚಿತ್ತಾಪುರ)
ಡಾಕ್ಟ್ರೇ, ಆ ಕಾಯ್ದೆಯಲ್ಲಿ ದಂಡ ಎಷ್ಟು ಅಂತಲೂ ಹೇಳಿಬಿಡಿ, ಹುಡುಗರು ನಗಲಿ.

ದನದ_ಡಾಕ್ಟ್ರು
ಮೊದಲ ತಪ್ಪಿಗೆ ಕನಿಷ್ಠ 10 ರೂಪಾಯಿ, ಹೆಚ್ಚೆಂದರೆ 50. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. 1960ರ ರೂಪಾಯಿ ಅದು, ಕಾಕಾ.

ಕಾಗಿಣಾ_ಕಾಕಾ (ಚಿತ್ತಾಪುರ)
ಹಂಗಾದ್ರೆ ಕಾಯ್ದೆ ನಂಬಿಕೊಂಡು ಕೂತರೆ ಆಯ್ತು ಬಿಡಿ.

ನಾನೊಂದು ಕೇಳ್ತೀನಿ, ಯಾರೂ ಸಿಟ್ಟಾಗಬೇಡಿ. ನಮ್ಮ ಅಪ್ಪನ ಕಾಲದಲ್ಲಿ ಇಂಥ ನಿಯಮ ಯಾರೂ ಬರೆದಿರಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಮೆರೆಸ್ತಿದ್ದೆವು. ಹೂಡಿ ಬಂದ ಎತ್ತಿಗೆ ಮೊದಲು ನೀರು, ಮೇವು. ಆಮೇಲೆ ನಮ್ಮ ಊಟ. ಈಗ ಎತ್ತು ಇಟ್ಟವರೇ ಕಡಿಮೆ, ಬಾಡಿಗೆ ಟ್ರ್ಯಾಕ್ಟರ್ ಬರ್ತದೆ. ಇದ್ದ ನಾಲ್ಕು ಜನರಿಗೆ ಪಟ್ಟಣದವರು ಬಂದು ಪಾಠ ಹೇಳ್ತಾರೆ.

ಕಾರಂಜಾ_ದಂಡೆ (ಭಾಲ್ಕಿ)
ಕಾಕಾ, ಪಟ್ಟಣದವರು ಯಾರೂ ಇಲ್ಲಿಲ್ಲ. ನಮ್ಮ ಮನೆಯಲ್ಲೂ ಒಂದು ಜೋಡಿ ದೇವಣಿ ಎತ್ತು ಇವೆ. ಕಾರಹುಣ್ಣಿಮೆ ನಾವೂ ಮಾಡ್ತೀವಿ. ಆದರೆ ಅದೇ ಕಾಲದಲ್ಲಿ ಹೋರಿಯ ಬೀಜ ಹೇಗೆ ಒಡೀತಿದ್ದರು ಅನ್ನೋದೂ ನಿಮಗೆ ಗೊತ್ತು ಅಲ್ವಾ?

ಕಾಗಿಣಾ_ಕಾಕಾ (ಚಿತ್ತಾಪುರ)
ಗೊತ್ತು. ಕಾಲು ಕಟ್ಟಿ ಕೆಡವಿ, ಎರಡು ಕೋಲಿನ ನಡುವೆ ಹಿಡಿದು ಕಲ್ಲಿಂದ ಜಜ್ಜುತ್ತಿದ್ದರು. ಆ ಕೂಗು ಊರ ಆಚೆಗೂ ಕೇಳ್ತಿತ್ತು. ಅದನ್ನು ಒಳ್ಳೇದು ಅಂತ ನಾನು ಹೇಳಿಲ್ಲಪ್ಪ.

ದನದ_ಡಾಕ್ಟ್ರು
ಇದನ್ನು ನಿಮ್ಮ ಪುಟದಲ್ಲಿ ಹಾಕಿ. ಆಸ್ಪತ್ರೆಯಲ್ಲಿ ಬರ್ಡಿಜೊ ಇಕ್ಕಳ ಇರ್ತದೆ. ಮರಗಟ್ಟುವ ಸೂಜಿ ಕೊಟ್ಟು, ಚರ್ಮ ಕೊಯ್ಯದೆ, ರಕ್ತ ಬರದೆ ಕೆಲಸ ಮುಗೀತದೆ. 2023ರ ಕೇಂದ್ರದ ನಿಯಮದ ಪ್ರಕಾರವೂ ಬೀಜ ಒಡೆಯೋದು, ಕೊಂಬು ತೆಗೆಯೋದು ಪಶುವೈದ್ಯರೇ ಮಾಡಬೇಕು, ನೋವು ತಿಳಿಯದಂತೆ ಮಾಡಬೇಕು. ಕರು ಸಣ್ಣದಿದ್ದಾಗಲೇ ಕರೆದುಕೊಂಡು ಬನ್ನಿ. ಎರಡು ವರ್ಷದ ಹೋರಿ ತಂದು 'ಈಗ ಮಾಡಿ' ಅಂದರೆ ಅದಕ್ಕೂ ಕಷ್ಟ, ನಮಗೂ ಕಷ್ಟ.

ಎಮ್ಮೆಮನೆ (ಹುಮನಾಬಾದ್)
ಎತ್ತಿನ ಮಾತೇ ಜಾಸ್ತಿ ಆಯ್ತು. ಗಂಡಸರು ಸಂತೆಗೆ ಹೋಗಿ ನೋಡೋದು ಎತ್ತು. ಕೊಟ್ಟಿಗೆಯಲ್ಲಿ ದಿನಾ ಕೈ ಹಾಕೋರು ನಾವು. ನಾನು ಎಮ್ಮೆಕರುವಿನ ಮಾತು ಹೇಳ್ತೀನಿ. ಯಾರೂ ಇದನ್ನು ಸಭೆಯಲ್ಲಿ ಎತ್ತಲ್ಲ.

ಎಮ್ಮೆ ಕೋಣಗರು ಹಾಕಿತು ಅಂದರೆ ಮನೆಯಲ್ಲಿ ಮುಖ ಸಣ್ಣದಾಗ್ತದೆ. ಅದನ್ನು ಯಾರೂ ಕೊಲ್ಲಲ್ಲ. ಸುಮ್ನೆ ಹಾಲು ಕಡಿಮೆ ಬಿಡ್ತಾರೆ. ತಾಯಿ ಸೊರೆ ಬಿಡಲಿ, ಅಂದರೆ ಹಾಲು ಇಳಿಸಲಿ ಅಂತ ಎರಡು ಸಲ ಬಾಯಿ ಹಚ್ಚಿಸಿ ಎಳೆದು ಕಟ್ತಾರೆ. ಕರು ಬಡವಾಗಿ, ಭೇದಿ ಹತ್ತಿ, ತಿಂಗಳೊಳಗೆ ಹೋಗ್ತದೆ. 'ಸತ್ತು ಹೋಯ್ತು' ಅಂತೀವಿ.

ಆಮೇಲೆ ಏನಾಗ್ತದೆ? ಕರು ಇಲ್ಲದ ಎಮ್ಮೆ ಸೊರೆ ಬಿಡಲ್ಲ. ಒದೀತದೆ. ಆಗ ಮನೆಗೆ ಬರೋದು ಹಾಲು ಇಳಿಸುವ ಸೂಜಿ. ಬೆಳಗ್ಗೆ ಒಂದು, ಸಂಜೆ ಒಂದು. ಕೆಲವರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ಇಡ್ತಾರೆ. ಅದನ್ನು ನೆಕ್ಕುತ್ತಾ ಎಮ್ಮೆ ನಿಂತಿರೋದು ನೋಡಿದರೆ ನನಗೆ ಹೊಟ್ಟೆಯಲ್ಲಿ ಹೇಗೋ ಆಗ್ತದೆ. ಉಳಿಸಿದ ಹಾಲು ಎಷ್ಟು, ಸೂಜಿಗೆ ಹಾಕಿದ್ದೆಷ್ಟು, ಗಬ್ಬ ನಿಲ್ಲದೆ ತಿರುಗಿಸಿದ ಖರ್ಚೆಷ್ಟು, ಯಾರೂ ಕೂಡಿಸಿ ನೋಡಲ್ಲ.

ನಿಯಮ ಬರೆಯೋದಾದರೆ 'ಹುಟ್ಟಿದ ಕರು ಗಂಡಾಗಲಿ ಹೆಣ್ಣಾಗಲಿ ಮೂರು ತಿಂಗಳು ಉಳಿಸಬೇಕು' ಅಂತ ಬರೆಯಿರಿ. ಉಳಿದಿದ್ದೆಲ್ಲ ತಾನಾಗೇ ಸರಿಯಾಗ್ತದೆ.

ದನದ_ಡಾಕ್ಟ್ರು
ಅಕ್ಕಾರೆ, ಇದಕ್ಕೆ ನಾನು ಸೇರಿಸೋದು ಮೂರು ಮಾತು.

ಗಿಣ್ಣದ ಹಾಲು. 'ಮಾಸು ಬೀಳೋವರೆಗೂ ಕರುವಿಗೆ ಹಾಲು ಬಿಡಬಾರದು' ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅದು ಉಲ್ಟಾ. ಕರು ಕುಡಿದರೆ ಮಾಸು ಬೀಳೋಕೂ ಅನುಕೂಲ. ರೋಗ ತಡೆಯುವ ಶಕ್ತಿ ಕರುವಿಗೆ ತಾಯಿ ಹೊಟ್ಟೆಯಲ್ಲಿ ಸಿಗಲ್ಲ, ಗಿಣ್ಣದಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳೋ ಶಕ್ತಿ ಕರುವಿನ ಕರುಳಿಗೆ ಇರೋದು ಮೊದಲ 24 ಗಂಟೆ ಮಾತ್ರ, ಅದೂ ತಾಸು ತಾಸಿಗೆ ಕಡಿಮೆ ಆಗ್ತದೆ. ಹುಟ್ಟಿದ ಒಂದೆರಡು ತಾಸಿನೊಳಗೆ ಮೊದಲ ಸಲ ಕುಡಿಸಿ. ಮೊದಲ ದಿನ ಒಟ್ಟು ಕರುವಿನ ತೂಕದ ಹತ್ತನೇ ಒಂದು ಭಾಗ ಹೋಗಬೇಕು. 30 ಕೆಜಿ ಕರುವಿಗೆ 3 ಲೀಟರ್.

ಜಂತು. ಎಮ್ಮೆಕರುಗಳನ್ನು ಕೊಲ್ಲೋದು ಬಹಳ ಸಲ ದುಂಡುಹುಳು. ತಾಯಿಯ ಹಾಲಿನಿಂದಲೇ ಬರ್ತದೆ. ಎರಡನೇ ವಾರದಲ್ಲಿ ಮೊದಲ ಔಷಧ ಹಾಕಿಸಿ. ಆಸ್ಪತ್ರೆಯಲ್ಲಿ ಕೇಳಿ.

ಇನ್ನು ಸೂಜಿ. ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯ ಕೆಡಿಸುವ ಸೂಜಿ ಹಾಕೋದು ಅದೇ 1960ರ ಕಾಯ್ದೆಯ 12ನೇ ಕಲಮಿನಲ್ಲಿ ಅಪರಾಧ. ಇಲ್ಲಿ 10 ರೂಪಾಯಿ ಅಲ್ಲ: 1,000 ರೂಪಾಯಿವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಹೆರಿಗೆ ಕಷ್ಟವಾದಾಗ ನಾವು ಕೊಡೋ ಔಷಧವೇ ಅದು. ಚೀಟಿ ಇಲ್ಲದೆ ಲೇಬಲ್ ಇಲ್ಲದ ಬಾಟಲಿಯಲ್ಲಿ ಮಾರೋದು ತಪ್ಪು.

ಭೀಮಾ_ತೀರ (ಅಫಜಲಪುರ)
ಯಕ್ಕಾ ಹೇಳಿದ್ದು ನಮ್ಮ ಮನೆ ಕಥೆನೇ. ನಮ್ಮ ಅವ್ವ ಇದನ್ನು ಓದಿಸಿಕೊಂಡು ಕೇಳಿದಳು. 'ಯಾರು ಬರೆದಾರ, ಹೆಣ್ಣುಮಗಳೇ ಇರಬೇಕು' ಅಂದಳು.

ಕೋಳಿಶೆಡ್ (ಸೇಡಂ)
ಕೋಳಿ ಬಗ್ಗೆ ಯಾರೂ ಮಾತಾಡಿಲ್ಲ. ಕೋಳಿ ಪ್ರಾಣಿ ಅಲ್ವಾ?

ನಾನು ಬ್ರಾಯ್ಲರ್ ಸಾಕ್ತೀನಿ, ಒಪ್ಪಂದದ ಮೇಲೆ. ಮರಿ ಕಂಪನಿದು, ಆಹಾರ ಕಂಪನಿದು, ಔಷಧ ಕಂಪನಿದು. ಶೆಡ್ಡು, ಕರೆಂಟು, ನೀರು, ಮೈಮುರಿಯುವ ದುಡಿಮೆ ನಮ್ಮದು. ಕೆಜಿ ಲೆಕ್ಕದಲ್ಲಿ ಸಾಕಣೆ ಕೂಲಿ. ಒಂದು ಹಕ್ಕಿಗೆ ಒಂದು ಚದರ ಅಡಿ ಅಂತ ಲೆಕ್ಕ ಹಾಕಿ ಮರಿ ಇಳಿಸ್ತಾರೆ. ಚಳಿಗಾಲಕ್ಕೆ ನಡೀತದೆ. ಏಪ್ರಿಲ್‌ನಲ್ಲಿ ಸೇಡಂ ಬಿಸಿಲಿಗೆ ಅದು ಸಾಲಲ್ಲ. ಕೋಳಿಗೆ ಬೆವರು ಬರಲ್ಲ. ಬಾಯಿ ತೆರೆದು ಏದುಸಿರು ಬಿಡೋದೊಂದೇ ಅದರ ದಾರಿ. ಎರಡು ಕೆಜಿ ಹತ್ತಿರ ಬಂದ ಹಕ್ಕಿಗಳು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಸಾಯ್ತಾವೆ. ಕರೆಂಟ್ ಹೋದ ದಿನ ಕೇಳಲೇಬೇಡಿ.

ನಾನು ಮಾಡೋದು: ಬೇಸಿಗೆ ಬ್ಯಾಚಿಗೆ ಮರಿ ಕಡಿಮೆ ಇಳಿಸಿ ಅಂತ ಜಗಳ ಮಾಡ್ತೀನಿ. ಛಾವಣಿಗೆ ಸುಣ್ಣ ಹೊಡೆಸ್ತೀನಿ. ಪಕ್ಕಕ್ಕೆ ಗೋಣಿತಟ್ಟು ಕಟ್ಟಿ ನೀರು ಬಿಡ್ತೀನಿ. ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಆಹಾರ ಎತ್ತಿಬಿಡ್ತೀನಿ, ಯಾಕಂದ್ರೆ ತಿಂದದ್ದು ಜೀರ್ಣವಾಗುವಾಗ ಮೈ ಇನ್ನೂ ಕಾಯ್ತದೆ. ನೀರಿನ ಟ್ಯಾಂಕ್ ನೆರಳಲ್ಲಿ ಇಟ್ಟಿದ್ದೀನಿ. ಬಿಸಿಲಿಗಿಟ್ಟ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡೋಕಾಗಲ್ಲ, ಅದನ್ನೇ ಹಕ್ಕಿಗೆ ಕುಡಿ ಅಂದರೆ ಹೇಗೆ?

ಹಿಡಿಯೋಕೆ ಬರೋ ಹುಡುಗರದ್ದು ಇನ್ನೊಂದು. ರಾತ್ರಿ ಬಂದು ಒಂದೊಂದು ಕೈಯಲ್ಲಿ ಐದಾರು ಹಕ್ಕಿಯ ಕಾಲು ಹಿಡಿದು ಕ್ರೇಟಿಗೆ ಎಸೀತಾರೆ. ರೆಕ್ಕೆ ಮುರಿದದ್ದು ಅಂಗಡಿಯಲ್ಲಿ ಗೊತ್ತಾಗ್ತದೆ, ನೀಲಿ ಕಟ್ಟಿರ್ತದೆ. ಅವರಿಗೂ ಕೂಲಿ ಗಾಡಿ ಲೆಕ್ಕದಲ್ಲೇ. ಅಫಜಲಪುರದ ಅಣ್ಣ ಹೇಳಿದ ಟನ್ ಲೆಕ್ಕ ಇಲ್ಲೂ ಅದೇ.

ಕಾಗಿಣಾ_ಕಾಕಾ (ಚಿತ್ತಾಪುರ)
ಎರಡು ತಿಂಗಳೂ ಬದುಕದ ಕೋಳಿಗೆ ಇಷ್ಟೊಂದು ಯೋಚನೆ ಯಾಕೆ ಅಂತ ಯಾರಾದರೂ ಕೇಳ್ತಾರೆ, ಉತ್ತರ ಇಟ್ಟುಕೊಳ್ಳಿ.

ಕೋಳಿಶೆಡ್ (ಸೇಡಂ)
ಕಾಕಾ, ಬದುಕೋದೇ 40 ದಿನ. ಅದನ್ನಾದರೂ ನೆಟ್ಟಗೆ ಬದುಕಲಿ.

ಹಟ್ಟಿಹುಡುಗ (ಯಾದಗಿರಿ)
ನಮ್ಮದು ಕುರಿ. ಹಟ್ಟಿ ಒಂದು ಕಡೆ ನಿಲ್ಲಲ್ಲ. ಮಳೆಗಾಲ ಮುಗಿದ ಮೇಲೆ ಭೀಮಾ, ಕೃಷ್ಣಾ ಕಡೆ ಹೊಲಗಳಲ್ಲಿ ಕುರಿ ತರುಬ್ತೀವಿ (ನಿಲ್ಲಿಸ್ತೀವಿ). ಐದು ಸ್ವಾತಂತ್ರ್ಯದಲ್ಲಿ 'ಸಹಜ ಗುಣದಂತೆ ಬದುಕೋದು' ಅಂದ್ರಲ್ಲ, ಅದು ನಮ್ಮ ಕುರಿಗಳಿಗೆ ನಿಮ್ಮ ಜರ್ಸಿಗಿಂತ ಹೆಚ್ಚೇ ಇದೆ.

ಕಷ್ಟ ಇರೋದು ಮಾರೋ ದಿನ. ಕುರಿಗಳನ್ನು ಲಾರಿಗೆ ಎರಡು ಅಂತಸ್ತು ಮಾಡಿ ತುಂಬ್ತಾರೆ. ಕೆಳಗಿನವು ಉಸಿರಿಗೆ ಒದ್ದಾಡ್ತಾವೆ. ಹೈದರಾಬಾದ್ ತಲುಪೋ ಹೊತ್ತಿಗೆ ಒಂದೆರಡು ಸತ್ತಿರ್ತಾವೆ. ಅದನ್ನು ದಲಾಲಿ ಲೆಕ್ಕದಲ್ಲೇ ಹಿಡಿದಿರ್ತಾನೆ, ಅಂದರೆ ನಮ್ಮ ದರದಲ್ಲೇ ಮೊದಲೇ ಕಡಿದಿರ್ತಾನೆ. ಸಾಯೋ ಕುರಿಯ ರೊಕ್ಕ ಕೊಡೋರು ಯಾರು? ನಾವೇ.

ಜಾತ್ರೆಯದ್ದೂ ಹೇಳಬೇಕು. ನಮ್ಮ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಯಲ್ಲಿ, ಸಂಕ್ರಾಂತಿಗೆ, ಪಲ್ಲಕ್ಕಿ ಮೇಲೆ ಜೀವಂತ ಕುರಿಮರಿ ಎಸೆಯುವ ಹರಕೆ ಇತ್ತು. ಜನದ ಕಾಲಡಿ ಬಿದ್ದ ಮರಿಗಳ ಗತಿ ಹೇಳೋದು ಬೇಡ. ಜಿಲ್ಲಾಡಳಿತ ನಿಷೇಧ ಮಾಡಿತು. ಈಗ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿ ತಂದರೆ ವಶಕ್ಕೆ ತಗೋತಾರೆ, ಆಮೇಲೆ ಹರಾಜು ಹಾಕ್ತಾರೆ. ಮೊದಮೊದಲು ನಮ್ಮ ಹಿರಿಯರು ಮಲ್ಲಯ್ಯ ಮುನೀತಾನೆ ಅಂದರು. ಜಾತ್ರೆ ಏನೂ ಕಡಿಮೆ ಆಗಿಲ್ಲ, ಜನ ಬರ್ತಾನೇ ಇದ್ದಾರೆ. ಬೇಕು ಅಂದರೆ ಸರ್ಕಾರದವರಿಗೂ ಆಗ್ತದೆ ಅನ್ನೋಕೆ ಹೇಳಿದೆ.

ದನದ_ಡಾಕ್ಟ್ರು
ಸಾಗಣೆಗೆ 1978ರ ನಿಯಮ ಇದೆ. ಲಾರಿಗೆ ಆರು ದನಕ್ಕಿಂತ ಜಾಸ್ತಿ ಹಾಕುವಂತಿಲ್ಲ, ಪಶುವೈದ್ಯರ ಪ್ರಮಾಣಪತ್ರ ಬೇಕು. ಮೋಟಾರು ವಾಹನ ನಿಯಮದಲ್ಲಿ ಜಾಗವೂ ಹೇಳಿದೆ: ಒಂದು ದನಕ್ಕೋ ಎಮ್ಮೆಗೋ 2 ಚದರ ಮೀಟರ್, ಒಂದು ಕುರಿಗೋ ಆಡಿಗೋ 0.3 ಚದರ ಮೀಟರ್. ಹಟ್ಟಿಹುಡುಗ, ಲಾರಿಯ ಉದ್ದ ಅಗಲ ಅಳೆದು 0.3ರಿಂದ ಭಾಗಿಸಿ ನೋಡಪ್ಪ. ನಿಮ್ಮ ದಲಾಲಿ ತುಂಬೋದು ಎಷ್ಟು ಅಂತ ನೀನೇ ಲೆಕ್ಕ ಹಾಕು.

ಹಟ್ಟಿಹುಡುಗ (ಯಾದಗಿರಿ)
ಲೆಕ್ಕ ಹಾಕಿದೆ ಸರ್. 16 ಅಡಿ ಉದ್ದ, 6 ಅಡಿ ಅಗಲದ ಗಾಡಿಗೆ 29-30 ಕುರಿ. ಅವರು ಎಷ್ಟು ತುಂಬ್ತಾರೆ ಅಂತ ಇಲ್ಲಿ ಬರೆದರೆ ನಾಳೆ ನನ್ನ ಕುರಿ ಯಾರೂ ಕೊಳ್ಳಲ್ಲ.

ಭೀಮಾ_ತೀರ (ಅಫಜಲಪುರ)
ಮುದಿ ಎತ್ತಿನ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. 2021ರಲ್ಲಿ ಗೋಹತ್ಯೆ ತಡೆಯುವ ಹೊಸ ಕಾಯ್ದೆ ಬಂದ ಮೇಲೆ ಮುದಿ ಎತ್ತು ಕೊಳ್ಳೋರು ಇಲ್ಲ. ಕಟ್ಟಿ ಸಾಕೋಕೆ ಬರಗಾಲದಲ್ಲಿ ಕಣಿಕಿ (ಜೋಳದ ದಂಟು) ಎಲ್ಲಿಂದ ತರೋದು? ರಾತ್ರಿ ಹಗ್ಗ ಬಿಚ್ಚಿ ಹೆದ್ದಾರಿಗೆ ಬಿಡೋರೂ ಇದ್ದಾರೆ. ಇದು ದಯೆನಾ?

ಕಾಗಿಣಾ_ಕಾಕಾ (ಚಿತ್ತಾಪುರ)
ದುಡಿದ ಎತ್ತನ್ನು ಕಟುಕನಿಗೆ ಕೊಡೋದು ದಯೆನಾ?

ನಿರ್ವಾಹಕ
ಕಾಯ್ದೆ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಮುದಿ ಎತ್ತಿನ ಮೇವಿನ ಬಗ್ಗೆ ಮಾತಾಡಬಹುದು. ಮೂರು ಉತ್ತರ ಅಳಿಸಿದ್ದೇನೆ.

ಎಮ್ಮೆಮನೆ (ಹುಮನಾಬಾದ್)
ಮೇವಿಂದೇ ಹೇಳ್ತೀನಿ. ನಮ್ಮದು ತೊಗರಿ ನಾಡು. ರಾಶಿ ಆದ ಮೇಲೆ ತೊಗರಿ ಹೊಟ್ಟು ಎಷ್ಟೋ ಹೊಲದಲ್ಲಿ ಗಾಳಿಗೆ ಹೋಗ್ತದೆ, ಕೆಲವರು ಬೆಂಕಿ ಹಚ್ತಾರೆ. ಸಂಘದವರು ಒಂದು ಗೋದಾಮಿನಲ್ಲಿ ಜನವರಿಯಲ್ಲೇ ತುಂಬಿಸಿ ಇಟ್ಟರೆ ಮೇ ತಿಂಗಳಲ್ಲಿ ಹಾಲು ಕೊಡದ ದನ, ಮುದಿ ಎತ್ತುಗಳಿಗೆ ಸಾಲ್ತದೆ. ಇದಕ್ಕೆ ಯಾರ ಕಾಯ್ದೆಯೂ ಬೇಡ.

ಕಾರಂಜಾ_ದಂಡೆ (ಭಾಲ್ಕಿ)
ಸಭೆ ಆಯ್ತು. ಏನಾಯ್ತು ಅಂತ ಹೇಳ್ತೀನಿ.

ಕರುವಿನ ಮಾತು ಹುಮನಾಬಾದಿನ ಅಕ್ಕ ಬರೆದಂತೆಯೇ ಓದಿದೆ. ಹಿಂದೆ ಕೂತ ಹೆಣ್ಣುಮಕ್ಕಳು ಮೊದಲ ಸಲ ಬಾಯಿ ಬಿಟ್ಟರು. ಕರು ಮೂರು ತಿಂಗಳು ಉಳಿಸಿದವರಿಗೆ ಸಂಘದ ಪಶು ಆಹಾರದಲ್ಲಿ ರಿಯಾಯಿತಿ ಕೊಡೋದು ಅಂತ ಪಾಸಾಯ್ತು. ಎಷ್ಟು ರಿಯಾಯಿತಿ ಅನ್ನೋದಕ್ಕೆ ಒಂದು ತಾಸು ಜಗಳ. ಬೀಜ ಒಡೆಸೋದು ಡಾಕ್ಟ್ರ ಹತ್ತಿರವೇ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ತೊಗರಿ ಹೊಟ್ಟಿಗೆ ಜಾಗ ಹುಡುಕ್ತಿದ್ದೀವಿ.

ಸೂಜಿ ಮಾತಿಗೆ ಎಲ್ಲರೂ ನೆಲ ನೋಡಿದರು. ನಮ್ಮೂರಲ್ಲಿ ಯಾರೂ ಹಾಕಲ್ಲವಂತೆ! ಆದರೂ ಬರೆದಿದ್ದೀನಿ.

ಬಂಡಿ ವಿಷಯ ಬಿದ್ದು ಹೋಯ್ತು. 12ರಿಂದ 3 ಹೂಡಬಾರದು ಅಂದಾಗ 'ಕಬ್ಬು ಹೊಡೆಯೋದು ಚಳಿಗಾಲದಲ್ಲಿ, ಮಾರ್ಚ್ ಬಂದರೆ ಹಂಗಾಮೇ ಮುಗೀತದೆ, ಆ ನಿಯಮ ನಮಗೆ ಯಾಕೆ' ಅಂದರು. ಅದೂ ಅರ್ಧ ನಿಜವೇ. ಹೇರೋ ತೂಕದ ಮಾತು ಬಂದಾಗ ಬಂಡಿಯವರು ಎದ್ದು ಹೋದರು. ಅಫಜಲಪುರದ ಅಣ್ಣ ಹೇಳಿದ್ದೇ ಸರಿ, ಅದನ್ನು ಕಾರ್ಖಾನೆ ಗೇಟಿನಲ್ಲೇ ಬಗೆಹರಿಸಬೇಕು. ಬಂಡಿಗಳಿಗೆ ಬೇರೆ ಪಾಳಿ, ಪಾಳಿ ಚೀಟಿ ಕೊಟ್ಟು ಎತ್ತು ಬಿಚ್ಚೋಕೆ ಬಿಡೋದು, ನೀರಿನ ತೊಟ್ಟಿ, ಈ ಮೂರು ಕೇಳಿ ರೈತರ ಗುಂಪಿನಿಂದ ಪತ್ರ ಕೊಟ್ಟಿದ್ದೀವಿ.

ಭೀಮಾ_ತೀರ (ಅಫಜಲಪುರ)
ಪಾಳಿ ಚೀಟಿ ಒಳ್ಳೇ ಮಾತು. ಪತ್ರದ ಒಂದು ಪ್ರತಿ ಇಲ್ಲಿ ಹಾಕಿ ಅಣ್ಣಾ, ನಮ್ಮ ಕಡೆಯೂ ಕೊಡ್ತೀವಿ. ಮತ್ತೆ ಡಾಕ್ಟ್ರೇ, ಈಗಾಗಲೇ ಹೆಗಲು ಹುಣ್ಣಾದ ಎತ್ತಿಗೆ ಏನು ಮಾಡೋದು? ನಮ್ಮವರು ಗ್ರೀಸ್ ಹಚ್ತಾರೆ.

ದನದ_ಡಾಕ್ಟ್ರು
ಗ್ರೀಸ್, ಹಳೇ ಆಯಿಲ್ ಹಚ್ಚಬೇಡಿ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ, ಹುಳ ಬಿದ್ದಿದ್ದರೆ ನೀವೇ ಕೀಳೋಕೆ ಹೋಗದೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರ್ತದೆ. ನೊಣ ಕೂರದಂತೆ ಮುಲಾಮು ಬರೆದುಕೊಡ್ತಾರೆ. ಹುಣ್ಣು ಪೂರ್ತಿ ಒಣಗೋವರೆಗೂ ನೊಗ ಹಾಕಬಾರದು, ಇದಕ್ಕೆ ಬೇರೆ ಔಷಧ ಇಲ್ಲ. ಮುಂದೆ ಹೂಡುವಾಗ ನೊಗ ನುಣ್ಣಗೆ ಕೆತ್ತಿಸಿ, ಎರಡೂ ಎತ್ತು ಒಂದೇ ಎತ್ತರದವು ಇರಲಿ. ಎತ್ತರದಲ್ಲಿ ಹೆಚ್ಚುಕಡಿಮೆ ಇದ್ದರೆ ಹೆಗಲು ಬೇಗ ಹೋಗ್ತದೆ.